ಗ್ರೂಪ್ ಫೋಟೋದಲ್ಲಿ ನನ್ನ ಜಾಗ

ನಾನು ಮಸ್ಕತ್ತಿನಲ್ಲಿ ಫೋಟೋಗ್ರಾಫರ್. ಊರು ಬಿಟ್ಟು ಬಂದವರ ಮುಖ ತೆಗೆಯುವುದೇ ನನ್ನ ಕಸುಬು. ಪ್ರದರ್ಶನಕ್ಕಿಡುವಾಗ ಮಾತ್ರ ವಲಸೆ, ಅಸ್ಮಿತೆ ಎಂದೆಲ್ಲ ದೊಡ್ಡ ಮಾತು ಬರೆಯುತ್ತೇನೆ. ಕಳೆದ ವರ್ಷ ತಂಗಿಯ ಮಗಳ ಮದುವೆಗೆ ಬ್ಯಾಡಗಿಗೆ ಹೋದೆ. ಅದಕ್ಕೂ ಹಿಂದಿನ ಯಾವ ಮದುವೆಗೂ ರಜೆ ಸಿಕ್ಕಿರಲಿಲ್ಲ.

ನಮ್ಮ ಕಡೆ ಒಂದು ರೂಢಿಯಿದೆ. ಮನೆಯ ಗಂಡಸು ಗಲ್ಫಿನಲ್ಲಿದ್ದರೆ, ಗ್ರೂಪ್ ಫೋಟೋದಲ್ಲಿ ಅವನಿಗೆಂದು ಒಬ್ಬಾಳಿನ ಜಾಗ ಬಿಟ್ಟು ನಿಲ್ಲುತ್ತಾರೆ. ಆಮೇಲೆ ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಅವನನ್ನು ತಂದು ಅಲ್ಲಿ ನಿಲ್ಲಿಸುತ್ತಾನೆ. ಮದುವೆಗೆ ಮೊದಲು ಗುತ್ತಲ, ರಾಣೆಬೆನ್ನೂರು ತಿರುಗಿ ಇಂಥ ಫೋಟೋಗಳ ಫೋಟೋ ತೆಗೆದೆ. ಎಲ್ಲರ ನೆರಳು ಒಂದು ಕಡೆ, ಸೇರಿಸಿದವನ ನೆರಳು ಇನ್ನೊಂದು ಕಡೆ. ಒಳ್ಳೆಯ ಸರಕು ಸಿಕ್ಕಿತೆಂದು ಖುಷಿಯಾಗಿದ್ದೆ.

ನಮ್ಮ ಮನೆಯ ಗೋಡೆಯ ಫೋಟೋಗಳಲ್ಲೂ ನಾನಿದ್ದೆ. ಎಲ್ಲ ಮದುವೆಗಳಲ್ಲೂ ಅದೇ ನೀಲಿ ಅಂಗಿ, ಪಾಸ್‌ಪೋರ್ಟಿಗೆಂದು ತೆಗೆಸಿದ ಅದೇ ಎಳೆ ಮುಖ. ಈ ಸಲ ನಾನೇ ನಿಲ್ಲಬೇಕು ಎಂದು ಆಗಲೇ ನಿರ್ಧರಿಸಿದೆ. ಬಂದದ್ದಕ್ಕೆ ಅಷ್ಟಾದರೂ ಆಗಲಿ.

ನಿಖಾ ಮುಗಿದು ಊಟವಾದ ಮೇಲೆ ಎಲ್ಲರೂ ಶಾದಿಮಹಲಿನ ಅಂಗಳದಲ್ಲಿ ಸೇರಿದರು. ಪಕ್ಕದ ಗೋದಾಮಿನ ಮೆಣಸಿನಕಾಯಿ ಘಾಟಿಗೆ ನಾನೊಬ್ಬನೇ ಸೀನುತ್ತಿದ್ದೆ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಅಮ್ಮಿಯ ಪಕ್ಕ ರೂಢಿಯಂತೆ ಬಿಟ್ಟಿದ್ದ ಜಾಗಕ್ಕೆ ಹೋಗಿ ನಿಂತು ನೋಡಿದೆ. ಅಮ್ಮಿ ಮೆಲ್ಲಗೆ ನನ್ನ ಮೊಣಕೈ ಮುಟ್ಟಿದಳು.

“ನೀ ಅಲ್ಲೇ ನಿಂತು ತಗಿಯಪಾ. ಇಲ್ಲಿ ಹಾಕಾಕ ನಿನ್ನ ಫೋಟೋ ಸ್ಟುಡಿಯೋದಾಗ ಐತಿ.”

ನಾನೇ ಬಂದಿದ್ದೇನಲ್ಲ ಎಂದೆ.

“ಬಂದೀದಿ, ನಾ ಎಲ್ಲಿ ಇಲ್ಲಂದೆ? ಎಲ್ಲಾ ಫೋಟೋದಾಗ ಒಂದ ಮಾರಿ ಐತಿ. ಇದರಾಗ ಈ ಬಿಳೇ ಗಡ್ಡ ಬಂದ್ರ, ಮುಂದಿನ ಮದುವಿಗೆ ಯಾವ ಮಾರಿ ಹಾಕಿಸೂಣು?”

ಮುಂದಿನ ಮದುವೆಗೂ ಬರುತ್ತೇನೆ ಎನ್ನಬೇಕಿತ್ತು. ನಾವು ಮನೆಯವರೊಡನೆ ಉರ್ದು ಆಡುವವರು, ಹೊರಗಿನವರೊಡನೆ ಕನ್ನಡ. ಅಮ್ಮಿ ನನ್ನೊಡನೆ ಕನ್ನಡದಲ್ಲಿ ಮಾತಾಡಿದಳೆಂಬುದು ಆಮೇಲೆ ಹೊಳೆಯಿತು.

ಬೇಜಾರಾಯಿತೇ ಎಂದರೆ ಅದೂ ಇಲ್ಲ. ಕ್ಯಾಮೆರಾದ ಹಿಂದೆ ಹೋಗಿ, ಜಾಗ ಸಾಲದೇನೋ, ಇನ್ನೂ ಸ್ವಲ್ಪ ಸರಿಯಿರಿ ಎಂದು ಕೈಸನ್ನೆ ಮಾಡಿದೆ. ಯಾರೂ ಸರಿಯಲಿಲ್ಲ. ನನಗೆ ಎಷ್ಟು ಜಾಗ ಬೇಕೆಂದು ಅವರಿಗೆ ಗೊತ್ತಿತ್ತು. ಅಮ್ಮಿ ಕೈ ಎತ್ತಿ, ಆ ಖಾಲಿ ಜಾಗದಲ್ಲಿ ಹುಡುಗನೊಬ್ಬನ ಹೆಗಲ ಮೇಲೆ ಇಡುವಂತೆ ಹಿಡಿದಳು. ನಾನು ಬಟನ್ ಒತ್ತಿದೆ.