ಖಾಲಿ ಕಟ್ಟೆ

ಬೆಳಗಿನ ಕಾಫಿ ಲೋಟ ಹಿಡಿದು, ಮೂರನೇ ಮಹಡಿಯ ಬಾಲ್ಕನಿಯಿಂದ ಬಗ್ಗಿ, ಕೆಳಗೆ ರಸ್ತೆ ಬದಿಗಿರುವ ನಮ್ಮ ಕಟ್ಟೆ ಖಾಲಿಯಿದೆಯೇ ಇಲ್ಲವೇ ಎಂದು ನೋಡುವುದು ನನ್ನ ಹಳೆಯ ಚಟ. ಕೆಲವರು ಎದ್ದ ಕೂಡಲೇ ಅಂಗೈ ನೋಡಿಕೊಳ್ಳುತ್ತಾರೆ, ಕೆಲವರು ಮೊಬೈಲು, ನನಗೆ ಕಟ್ಟೆ. ಹೀಗೆ ಬಗ್ಗುವಾಗ ಲೋಟ ತುಳುಕಿ ಕೆಳಗೆ ನಿಂತವರ ತಲೆಗೆ ಪ್ರೋಕ್ಷಣೆಯಾಗಿರುವುದೂ ಉಂಟು. ನನ್ನ ಹೆಂಡತಿ ಇದಕ್ಕೆ ‘ಯಜಮಾನರ ಅಭಿಷೇಕ’ ಎಂದು ಹೆಸರಿಟ್ಟಿದ್ದಾಳೆ.

ಗಂಗಾನಗರದ ಈ ಮೂಲೆಯಲ್ಲಿ ಒಂದು ಕಾಲಕ್ಕೆ ನಮ್ಮ ದ್ರಾಕ್ಷಿ ತೋಟವಿತ್ತು. ಈಗ ಬಾಡಿಗೆಗೆ ಕಟ್ಟಿಸಿದ ಕಟ್ಟಡವಿದೆ. ದ್ರಾಕ್ಷಿ ಬಳ್ಳಿಗೆ ಚಪ್ಪರ ಬೇಕಿತ್ತು, ಬಾಡಿಗೆದಾರರಿಗೆ ಲಿಫ್ಟು ಬೇಕು. ಬೆಳೆ ಬದಲಾಯಿತೇ ಹೊರತು ಮೇಲೇರುವ ಬುದ್ಧಿ ಬದಲಾಗಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದ ದಿನ ಅಪ್ಪ, “ಇನ್ಮೇಲೆ ನೀನು ಬುಟ್ಟಿ ಹೊರ್ಬೇಡ ಕಣೋ” ಎಂದಿದ್ದರು. ಆ ಮಾತನ್ನು ಅವರು ಹೇಳಿದ್ದಕ್ಕಿಂತ ಹೆಚ್ಚಾಗಿಯೇ ಪಾಲಿಸಿದೆ. ಬುಟ್ಟಿ ಹೊರುವುದನ್ನಷ್ಟೇ ಅಲ್ಲ, ಬುಟ್ಟಿ ಹೊರುವವರ ಮುಖ ನೋಡುವುದನ್ನೂ ಬಿಟ್ಟೆ.

ಇಂಥ ಮುಖಗಳು ನಮ್ಮ ಮೂಲೆಯಲ್ಲಿ ದಿನಾ ಬೆಳಿಗ್ಗೆ ಸೇರುತ್ತವೆ. ಗಾರೆ ಕೆಲಸದವರು, ಮಣ್ಣು ಹೊರುವವರು, ಬಣ್ಣ ಬಳಿಯುವವರು, ಬುತ್ತಿಚೀಲ ಹಿಡಿದು ಬಂದು ಕಾಯುತ್ತಾರೆ. ಕಂಟ್ರಾಕ್ಟರುಗಳ ಟೆಂಪೋ ಬಂದು, ಬೇಕಾದವರನ್ನು ಹತ್ತಿಸಿಕೊಂಡು ಹೆಬ್ಬಾಳದ ಕಡೆಗೋ ಯಲಹಂಕದ ಕಡೆಗೋ ಹೋಗುತ್ತದೆ. ಕಾಯುವಷ್ಟು ಹೊತ್ತು ಅವರು ಕೂರುತ್ತಿದ್ದದ್ದು ನಮ್ಮ ಕಟ್ಟೆಯ ಮೇಲೆ. ನೆಲಮಹಡಿಯಲ್ಲಿರುವುದು ಬಚ್ಚಲುಮನೆ ಸಾಮಾನಿನ ಶೋರೂಮು. ಒಳಗೆ ಗಾಜಿನ ಹಿಂದೆ ಕಮೋಡುಗಳು ಸಿಂಹಾಸನಗಳಂತೆ ಸಾಲಾಗಿ ಕುಳಿತಿರುತ್ತವೆ. ಕೂರುವ ಸಾಮಾನನ್ನೇ ಮಾರುವ ಆ ಅಂಗಡಿಯವರಿಗೆ, ಹೊರಗೆ ಪುಕ್ಕಟೆ ಕೂತವರನ್ನು ಕಂಡರೆ ವ್ಯಾಪಾರದ ಶೋಭೆ ಕೆಟ್ಟಂತೆ ಆಗುತ್ತಿತ್ತಂತೆ.

ಕೂತವರನ್ನು ಎಬ್ಬಿಸಿದ ತಪ್ಪನ್ನು ಅಂಗಡಿಯವರ ತಲೆಗೆ ಕಟ್ಟಿ ನಾನು ಪಾರಾಗಬಹುದು. ಆದರೆ ಈ ವಯಸ್ಸಿನಲ್ಲಿ ನಿಮಗೆ ಸುಳ್ಳು ಹೇಳಿ ನನಗೇನಾಗಬೇಕು? ಮಗಳನ್ನು ನೋಡಲು ಬಂದಿದ್ದ ಗಂಡಿನ ಕಡೆಯವರೊಬ್ಬರು ಕಾರಿನಿಂದಿಳಿದು, ಕಟ್ಟೆಯತ್ತ ಕೈ ತೋರಿಸಿ, “ಇವ್ರೆಲ್ಲ ನಿಮ್ ಕಡೆಯವ್ರಾ?” ಎಂದು ಕೇಳಿಬಿಟ್ಟರು. ಕೇಳಿದ್ದರಲ್ಲಿ ಕುಹಕವಿರಲಿಲ್ಲ. ಚುಚ್ಚಿದ್ದು ಬೇರೆ. ಆ ಸಾಲಿನ ಕೊನೆಯಲ್ಲಿ ಒಬ್ಬ ಮುದುಕ ಹೆಗಲ ಟವೆಲ್ಲನ್ನು ಮಡಿಸಿ ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ, ಥೇಟು ನಮ್ಮಪ್ಪನ ಹಾಗೆ. ಅಪ್ಪ ದ್ರಾಕ್ಷಿ ಬುಟ್ಟಿ ಹೊತ್ತು ಮಲ್ಲೇಶ್ವರದವರೆಗೆ ನಡೆಯುತ್ತಿದ್ದರು. ದಾರಿಯಲ್ಲಿ ಯಾರದೋ ಮನೆಯ ಜಗಲಿಯ ಮೇಲೆ ಬುಟ್ಟಿಯಿಳಿಸಿ ಹಾಗೆಯೇ ಕೂರುತ್ತಿದ್ದರು. ಅಲ್ಲಿ ಯಾರೂ ಏಳು ಎಂದದ್ದು ನನಗೆ ನೆನಪಿಲ್ಲ. “ಇಲ್ಲ ಇಲ್ಲ, ಯಾರೋ ಕೂಲಿಯೋರು” ಎಂದು ನಾನು ಅವಸರದಲ್ಲಿ ಉತ್ತರಿಸಿದೆ. ಆಮೇಲೆ ಮೇಸ್ತ್ರಿಗೆ ಫೋನು ಮಾಡಿ, ಕಟ್ಟೆಯ ಉದ್ದಕ್ಕೂ ಚೂಪು ಕಲ್ಲುಗಳನ್ನು ಸಿಮೆಂಟಿನಲ್ಲಿ ನೆಡಿಸಿದೆ. ಕೇಳಿದವರಿಗೆ ‘ಡಿಸೈನು’ ಎಂದೆ. ಕೆಲಸವನ್ನು ಬಾಲ್ಕನಿಯಿಂದಲೇ ಪರಿಶೀಲಿಸಿದೆ. ಬಾಲ್ಕನಿಯಿಂದ ತಲೆಯ ಮೇಲಿನ ಸಿಂಬೆಗಳು ಕಾಣುತ್ತವೆ, ಕೆಳಗಿನ ಮುಖಗಳು ಕಾಣುವುದಿಲ್ಲ.

ಮರುದಿನದಿಂದ ಕಟ್ಟೆ ಖಾಲಿ. ಜನ ಅಲ್ಲೇ ಇದ್ದರು, ನಿಂತಿದ್ದರು. ನನ್ನ ಕಾಫಿಗೆ ರುಚಿ ಬಂತು.

ದೇವರು ದೊಡ್ಡವನು, ನನ್ನ ಮೊಣಕಾಲಿಗೆ ಕೈ ಹಾಕಿದ. ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ಡಾಕ್ಟರು ನಡೆಯಿರಿ ಎಂದದ್ದಕ್ಕೆ ಸಂಜಯನಗರದವರೆಗೆ ನಡೆದು ವಾಪಸು ಬರುವಷ್ಟರಲ್ಲಿ, ಎಡಗಾಲು ನನ್ನ ಜೊತೆಗಿನ ಸಂಬಂಧವನ್ನು ಕಡಿದುಕೊಂಡಿತ್ತು. ಗೇಟಿನ ಬಳಿ ಬಂದರೆ ಕರೆಂಟಿಲ್ಲ, ಲಿಫ್ಟು ನಿಂತಿದೆ. ಮೂರು ಮಹಡಿ ಹತ್ತುವುದಿರಲಿ, ಇನ್ನೊಂದು ನಿಮಿಷ ನಿಂತರೆ ಬೀಳುತ್ತೇನೆ ಅನ್ನಿಸಿತು. ಗೇಟಿನ ಸರಳನ್ನು ಎರಡು ಕೈಯಲ್ಲೂ ಹಿಡಿದೆ.

“ಯಾಕ್ ಯಜಮಾನ್ರೇ, ಗೇಟ್ ಬಿದ್ದೋಗುತ್ತೆ ಅಂತ ಇಡ್ಕೊಂಡಿದ್ದೀರಾ?”

ಕೂಲಿಗೆ ಕಾಯುತ್ತಿದ್ದವರ ಗುಂಪಿನಿಂದ ಒಬ್ಬ ಹೆಂಗಸು, ಕಂಕುಳಲ್ಲಿ ಬಾಂಡ್ಲಿ. ಹೆಸರು ನರಸಮ್ಮ ಎಂದು ಆಮೇಲೆ ತಿಳಿಯಿತು.

“ಕಾಲು ಹಿಡ್ಕೊಂಡಿದೆ ಕಣಮ್ಮ. ನಿಲ್ಲಕ್ಕಾಗ್ತಿಲ್ಲ.”

“ಮತ್ತೆ ಕೂತ್ಕಳಿ. ನಿಮ್ದೇ ಕಟ್ಟೆ!”

ಗುಂಪು ಗೊಳ್ಳೆಂದಿತು. ನಾನು ಕಟ್ಟೆಯನ್ನು ನೋಡಿದೆ. ಅದು ತನ್ನ ಹಲ್ಲನ್ನೆಲ್ಲ ಬಿಟ್ಟು ನನ್ನನ್ನು ನೋಡಿತು. ನರಸಮ್ಮ ನಗು ನಿಲ್ಲಿಸಿ ನನ್ನ ತೋಳು ಹಿಡಿದು, ಹೊಂಗೆ ಮರದ ಮರೆಯಲ್ಲಿದ್ದ ಕಟ್ಟೆಯ ತುದಿಗೆ ನಡೆಸಿಕೊಂಡು ಹೋದಳು. ಅಲ್ಲಿ ಒಬ್ಬ ಮುದುಕ ಆರಾಮವಾಗಿ ಕೂತಿದ್ದ. ಮೊಣಕಾಲ ಮೇಲೆ ಮಡಿಸಿದ ಟವೆಲ್ಲು.

“ಪಿಳ್ಳಣ್ಣ, ಏಳು. ಓನರ್‌ಗೆ ಸೀಟ್ ಬೇಕಂತೆ.”

“ಟಿಕೆಟ್ ತಗೊಂಡಿದ್ದೀರಾ ಸ್ವಾಮಿ?” ಎನ್ನುತ್ತಾ ಅವನು ಎದ್ದ.

ಒಬ್ಬರು ಕೂರುವಷ್ಟು ಜಾಗ, ನುಣ್ಣಗೆ. ಕೂತೆ. ಸ್ವರ್ಗಕ್ಕೆ ಒರಗುವ ಬೆನ್ನು ಇರಬೇಕಾಗಿಲ್ಲ ಎಂದು ಅಂದು ತಿಳಿಯಿತು. ಉಸಿರು ಬಂದ ಮೇಲೆ ಕೇಳಿದೆ: “ಇಲ್ಲಿ ಕಲ್ಲೇ ಇಲ್ವಲ್ಲಮ್ಮ?”

“ನಾವೇ ಬಿಟ್ಟಿದ್ದು. ನೆಟ್ಟೋನು ಈ ಪಿಳ್ಳಣ್ಣ, ಕಲ್ಲು ಎತ್ಕೊಟ್ಟೋಳು ನಾನು. ಒಬ್ರಾದ್ರೂ ಕೂರಂಗೆ ಬಿಡಣ್ಣ, ವಯಸ್ಸಾದೋರು ಬರ್ತಾರೆ ಅಂದೆ.” ಬಾಂಡ್ಲಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಸೇರಿಸಿದಳು: “ನೀವು ಇಷ್ಟ್ ಬೇಗ ಬರ್ತೀರಾ ಅಂತ ಗೊತ್ತಿರ್ಲಿಲ್ಲ ಬಿಡಿ.”

ನಾನು ಕಲ್ಲು ನೆಡಿಸಿದ್ದು ಇವರು ಕೂರಬಾರದೆಂದು. ನೆಡುವುದಕ್ಕೆ ಮೇಸ್ತ್ರಿ ಕರೆದದ್ದು ಇವರನ್ನೇ. ಮೂಲೆಯಲ್ಲೇ ಜನ ಇರುವಾಗ ಅವನು ಬೇರೆಲ್ಲಿಗೆ ಹೋಗುತ್ತಾನೆ?

“ನಿಮಗೆ ಸಿಟ್ಟು ಬರ್ಲಿಲ್ವಾ?”

“ಬಂತು. ಆದ್ರೆ ಅವತ್ತು ಕೆಲ್ಸಾನೂ ಬಂತಲ್ಲ. ಟೆಂಪೋ ಅತ್ತೋ ಕಷ್ಟಾನೂ ಇರ್ಲಿಲ್ಲ.”

“ಇದನ್ನೆಲ್ಲ ಕೀಳಿಸ್ತೀನಿ” ಎಂದೆ. ಅದಕ್ಕಿಂತ ಮುಂಚೆ ಹೇಳಬೇಕಾಗಿದ್ದ ಮಾತು ಬೇರೆಯಿತ್ತು, ಬಾಯಿಗೆ ಬರಲಿಲ್ಲ.

“ಕೀಳೋಕೂ ಒಂದಿನದ ಕೆಲ್ಸ ಆಗುತ್ತೆ ಸ್ವಾಮಿ” ಎಂದ ಪಿಳ್ಳಣ್ಣ. “ಇಂಗೇ ನೆಡ್ಸಿ, ಕೀಳ್ಸಿ ಮಾಡ್ತಿರಿ. ನಾವ್ ಊರೂರು ಅಲೆಯೋದು ತಪ್ಪುತ್ತೆ.”

ಮರುದಿನ ಅವರಿಬ್ಬರೇ ಕಿತ್ತರು. ಈ ಸಲ ನಾನು ಕೆಳಗಿಳಿದು ಕುರ್ಚಿ ಹಾಕಿಕೊಂಡು ಕೂತಿದ್ದೆ. ‘ತಪ್ಪಾಯ್ತು’ ಎಂದು ಹೇಳಿಯೂ ಹೇಳಿದೆ, ಆದರೆ ಸುತ್ತಿಗೆಯ ಏಟು ಜೋರಾಗಿದ್ದಾಗ ನೋಡಿಕೊಂಡು ಹೇಳಿದೆ. ಎಷ್ಟಾದರೂ ಹಳೆಯ ಜಾಣ. ಯಾರಿಗೂ ಕೇಳಿಸಲಿಲ್ಲವಾದ್ದರಿಂದ ಇಲ್ಲಿ ಸದ್ದಿಲ್ಲದ ಕಡೆ ಮತ್ತೊಮ್ಮೆ ಹೇಳುತ್ತಿದ್ದೇನೆ. ಶೋರೂಮಿನವರು ಮುಖ ಸಿಂಡರಿಸಿದರು, ಅಂಗಡಿ ಬಿಟ್ಟೇನೂ ಹೋಗಲಿಲ್ಲ.

ಈಗ ವಾಕಿಂಗ್ ಮುಗಿಸಿ ನಾನೂ ಆ ಸಾಲಿನಲ್ಲಿ ಕೂರುತ್ತೇನೆ. ಎಷ್ಟೋ ದಿನ ಜಾಗವೇ ಇರುವುದಿಲ್ಲ. “ಜರುಗ್ರೋ, ಓನರ್ ಬಂದ್ರು” ಎಂದು ಯಾರಾದರೂ ಹೇಳಿ, ಎಲ್ಲರೂ ಒಂದೊಂದು ಗೇಣು ಸರಿದು ನನ್ನನ್ನು ತುರುಕಿಕೊಳ್ಳುತ್ತಾರೆ. ಮೊನ್ನೆ ಟೆಂಪೋದಿಂದ ಇಳಿದ ಹೊಸ ಕಂಟ್ರಾಕ್ಟರೊಬ್ಬ ಸಾಲಿನ ಮೇಲೆ ಕಣ್ಣಾಡಿಸಿ, “ಏನ್ ತಾತ, ನಿಂಗ್ಯಾವ ಕೆಲ್ಸ ಬರುತ್ತೆ?” ಎಂದು ನನ್ನನ್ನೇ ಕೇಳಿದ. ನಾನು ತಡಬಡಾಯಿಸುವಷ್ಟರಲ್ಲಿ ನರಸಮ್ಮ, “ಕಲ್ಲು ನೆಡ್ಸೋದ್ರಲ್ಲಿ ಇವ್ರು ಭಾರಿ ಎಕ್ಸ್‌ಪರ್ಟು ಕಣಣ್ಣ!” ಎಂದಳು. ನಕ್ಕೂ ನಕ್ಕೂ ಪಿಳ್ಳಣ್ಣನ ಟವೆಲ್ಲು ಕೆಳಗೆ ಬಿತ್ತು. ಎತ್ತಿಕೊಟ್ಟೆ.

ಕೆಳಗೆ ಕೂತ ಮೇಲೆ ನನಗೆ ತಿಳಿದದ್ದು ಇಷ್ಟೇ: ಕಟ್ಟೆ ಹೊತ್ತೇರಿದ ಮೇಲೂ ತುಂಬಿದ್ದರೆ, ಅಷ್ಟು ಜನಕ್ಕೆ ಅಂದು ಕೆಲಸ ಸಿಕ್ಕಿಲ್ಲವೆಂದರ್ಥ. ಬುತ್ತಿಯನ್ನು ಅಲ್ಲೇ ಬಿಚ್ಚಿ ತಿಂದು, ಬಂದ ದಾರಿಯಲ್ಲೇ ಹೋಗುತ್ತಾರೆ. ಅಂಥ ದಿನ ಯಾರೂ ನನ್ನನ್ನು ಗೇಲಿ ಮಾಡುವುದಿಲ್ಲ. ಅದೇ ನನಗೆ ಹೆಚ್ಚು ಕಷ್ಟ.

ಹೀಗಾಗಿ ಚಟ ಇನ್ನೂ ಬಿಟ್ಟಿಲ್ಲ. ಆಗ ಕಟ್ಟೆ ಖಾಲಿಯಿರಲಿ ಎಂದು ಬಯಸುತ್ತಿದ್ದೆ, ಈಗಲೂ ಅದನ್ನೇ ಬಯಸುತ್ತೇನೆ. ಇವತ್ತು ಕಾಲುನೋವಿಗೆ ವಾಕಿಂಗ್ ತಪ್ಪಿಸಿ, ಎದ್ದಿದ್ದೂ ತಡವಾಗಿ, ಲೋಟ ಹಿಡಿದು ಬಗ್ಗಿದರೆ ಕೆಳಗೆ ಒಬ್ಬರೂ ಇಲ್ಲ; ಟೆಂಪೋಗಳು ಆಗಲೇ ಬಂದು ಎಲ್ಲರನ್ನೂ ಹತ್ತಿಸಿಕೊಂಡು ಹೋಗಿದ್ದವು. ಕಾಫಿಯನ್ನು ಯಾರ ತಲೆಗೂ ಚೆಲ್ಲದೆ, ಲಿಫ್ಟಿನಲ್ಲಿಳಿದು ಹೋಗಿ ಕಟ್ಟೆಯ ನಟ್ಟನಡುವೆ ಕಾಲು ಚಾಚಿ ಕೂತೆ. ಬಿಸಿಲು ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಆದರೂ ಅವರು ಕೂತೆದ್ದ ಕಟ್ಟೆ ಬೆಚ್ಚಗಿತ್ತು.