ಉದ್ಘಾಟನೆಗೆ ಕಾದ ಯಂತ್ರ

ಮೊನ್ನೆ ನಮ್ಮ ಪ್ರಯೋಗಶಾಲೆಯ ಬಾಗಿಲಲ್ಲಿ ಒಂದು ದೊಡ್ಡ ಮರದ ಪೆಟ್ಟಿಗೆ ಬಂದು ಇಳಿಯಿತು. ಹಲಗೆ ಕಿತ್ತ ಕೂಡಲೇ ಒಳಗಿನ ಒಣಹುಲ್ಲು ಮತ್ತು ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು. ಹೊಸ ಯಂತ್ರದ ವಾಸನೆಯೆಂದರೆ ಬೇರೆ ಮಾಸ್ತರರಿಗೆ ಸಂತೋಷ, ನನಗೆ ಸಿಟ್ಟು. ಸಿಟ್ಟು ಬಂದರೆ ರಕ್ತದೊತ್ತಡ ಏರೀತೆಂದು ಚಿಂತೆ, ಚಿಂತೆ ಮಾಡಿದರೆ ಹೊಟ್ಟೆಹುಣ್ಣು ಆದೀತೆಂದು ಇನ್ನೊಂದು ಚಿಂತೆ. ಎಣ್ಣೆಯ ಒತ್ತಡ, ಗಾಳಿಯ ಒತ್ತಡ ಎಂದು ಊರವರ ಮಕ್ಕಳಿಗೆಲ್ಲ ಪಾಠ ಹೇಳುವವನು ಮನೆಯಲ್ಲಿ ನಾಡಿ ಹಿಡಿದು ಕೂರುವುದನ್ನು ನೋಡಿ ನನ್ನಾಕೆ ನಗುತ್ತಾಳೆ. ನಗಲಿ. ಸಿಟ್ಟಿನ ಕಾರಣ ಕೇಳಿದರೆ ನೀವು ನಗಲಿಕ್ಕಿಲ್ಲ.

ಇದು ಹಲವು ವರ್ಷಗಳ ಹಿಂದಿನ ಮಾತು. ಆಗ ನಾನು ಮೂಡಬಿದ್ರೆ ಕಡೆಯ ಸಣ್ಣದೊಂದು ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಹುಡುಗರಿಗೆ ಹೈಡ್ರಾಲಿಕ್ಸ್ ಕಲಿಸುತ್ತಿದ್ದೆ. ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಸಿದ್ಧಕಟ್ಟೆಯ ಬಲ್ಲಾಳರು, ಬಹಳ ಸಜ್ಜನರು, ತೀರಿಕೊಂಡ ತಮ್ಮ ತಂದೆಯವರ ಹೆಸರಿನಲ್ಲಿ ನಮ್ಮ ಸಂಸ್ಥೆಗೆ ಒಂದು ಹೈಡ್ರಾಲಿಕ್ ಪ್ರೆಸ್ಸು ದಾನ ಕೊಟ್ಟರು. ಸಣ್ಣ ಕೊಳವೆಯ ಎಣ್ಣೆಯನ್ನು ಸನ್ನೆಕೋಲಿನಿಂದ ಮೆಲ್ಲಗೆ ಒತ್ತಿದರೆ ದೊಡ್ಡ ಕೊಳವೆಯೊಳಗಿನ ಉಕ್ಕಿನ ಕೊರಡು ಆನೆಯ ಬಲದಿಂದ ಮೇಲೇಳುವ ಯಂತ್ರ ಅದು. ಇದನ್ನು ಪುಸ್ತಕದಲ್ಲಿ ಓದಿದವನಿಗೆ ಅರ್ಥವಾಗುತ್ತದೆ, ನಂಬಿಕೆ ಬರುವುದಿಲ್ಲ. ಕೈಯಿಂದ ಒತ್ತಿ ನೋಡಿದವನಿಗೆ ಮಾತ್ರ ನಂಬಿಕೆ ಬರುತ್ತದೆ.

ಆದರೆ ಒತ್ತುವುದು ಹೇಗೆ? ಉದ್ಘಾಟನೆ ಆಗಿರಲಿಲ್ಲ. ಮದ್ರಾಸಿನಿಂದ ಮಂತ್ರಿಗಳು ಬಂದು ಒತ್ತಬೇಕು, ಆ ಮೇಲೆ ಹುಡುಗರು. ಅಲ್ಲಿಯವರೆಗೆ ಅದಕ್ಕೊಂದು ಹಸಿರು ಬಟ್ಟೆ ಹೊದೆಸಿ ಮೂಲೆಯಲ್ಲಿ ನಿಲ್ಲಿಸಿದರು. ಮಂತ್ರಿಗಳ ಹೆಸರು ಕೆತ್ತಿದ ಅಮೃತಶಿಲೆಯ ಫಲಕವೂ ಗೋಡೆಗೆ ಬಂತು. ಮಂತ್ರಿಗಳಿಗೆ ಒಮ್ಮೆ ಶೀತವಾಯಿತು, ಒಮ್ಮೆ ಅಧಿವೇಶನವಾಯಿತು. ಅಷ್ಟರಲ್ಲಿ ರಾಜ್ಯಗಳ ವಿಂಗಡಣೆಯಾಗಿ ನಮ್ಮ ಜಿಲ್ಲೆಯೇ ಮೈಸೂರಿಗೆ ಸೇರಿತು. ಫಲಕದ ಮೇಲಿನ ಮಂತ್ರಿಗಳು ಈಗ ನಮ್ಮ ಮಂತ್ರಿಗಳೇ ಅಲ್ಲ! ಫಲಕ ಕಿತ್ತರು, ಹೊಸ ಮಂತ್ರಿಗಳಿಗೆ ಬರೆದರು, ಮತ್ತೆ ಕಾದರು. ಆಯುಧಪೂಜೆಯ ದಿನ ಆ ಯಂತ್ರಕ್ಕೆ ಬಟ್ಟೆಯ ಮೇಲಿಂದಲೇ ಕುಂಕುಮ ಹಚ್ಚಿ, ದಾಸವಾಳ ಏರಿಸಿ, ಆರತಿ ಎತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನೂ ಕೈಮುಗಿದೆ, ಸುಳ್ಳು ಯಾಕೆ ಹೇಳಲಿ? ದೇವರ ವಿಷಯದಲ್ಲಿ ನಾನು ಅಪಾಯಕ್ಕೆ ಕೈಹಾಕುವುದಿಲ್ಲ.

ಪಾಠ ನಿಲ್ಲಿಸುವಂತಿಲ್ಲವಲ್ಲ. ನಾನು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಪ್ರೆಸ್ಸು ಬಿಡಿಸಿದೆ. ಎಣ್ಣೆಗೆ ಹಳದಿ, ಉಕ್ಕಿಗೆ ನೀಲಿ. ಸೈಕಲ್ ಪಂಪು ತಂದು ತುದಿಗೆ ಬೆರಳು ಒತ್ತಿಸಿ ಗಾಳಿಯ ಗುಣ ತೋರಿಸಿದೆ. ಮೊದಲ ಬೆಂಚಿನಲ್ಲಿ ಕಕ್ಕಿಂಜೆಯ ಸಂಜೀವ ಎಂಬವನಿದ್ದ. ಚಾರ್ಮಾಡಿ ಘಾಟಿ ಇಳಿದು ಬರುವ ಬಸ್ಸುಗಳ ಬ್ರೇಕಿನ ಕೂಗು ಕೇಳುತ್ತ ಬೆಳೆದವನು. ಬೆಳ್ತಂಗಡಿಯ ಬಸ್ಸಿನ ಮಾಲೀಕರೊಬ್ಬರು ತಮ್ಮ ಗ್ಯಾರೇಜಿಗೆ ಬ್ರೇಕು ಬಲ್ಲವನೊಬ್ಬ ಬೇಕೆಂದು, ಈ ಸಲವೇ ಪಾಸಾದರೆ ಕೆಲಸ ಖಂಡಿತ ಎಂದು ಅವನಿಗೆ ಮಾತು ಕೊಟ್ಟಿದ್ದರು. ಮನೆಯಲ್ಲಿ ಅವನ ಹಿಂದೆ ಮೂವರು ತಂಗಿಯರು. ಒಂದು ದಿನ ನನ್ನ ಹಳದಿ ಎಣ್ಣೆಯನ್ನು ನೋಡಿ ಅವನು ಎದ್ದು ನಿಂತ.

“ಸಾರ್, ಒಂದು ಹೇಳಲಾ? ಬೈಬಾರದು.”

“ಹೇಳು.”

“ಇದು ಬಾಳೆಲೆಯ ಚಿತ್ರ ಬರೆದು ಊಟಕ್ಕೆ ಕರೆದ ಹಾಗೆ ಆಯ್ತಲ್ಲ ಸಾರ್. ನಿಜವಾದ್ದು ಅಲ್ಲೇ ಮೂಲೆಯಲ್ಲಿ ಉಂಟು.”

ತರಗತಿ ಗೊಳ್ಳೆಂದು ನಕ್ಕಿತು. ನಾನು ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರೇನೂ ಕೆಟ್ಟವರಲ್ಲ, ಶಿಸ್ತಿನವರು, ಅದೇ ತೊಂದರೆ.

“ಗೃಹಪ್ರವೇಶಕ್ಕೆ ಮುಂಚೆ ಯಾರಾದರೂ ಹೊಸ ಮನೆಯಲ್ಲಿ ಒಲೆ ಹಚ್ಚುವುದುಂಟಾ ಮಾಷ್ಟ್ರೇ?” ಎಂದರು.

“ಪರೀಕ್ಷೆ ಬರ್ತಾ ಉಂಟು ಸಾರ್. ಪ್ರಾಯೋಗಿಕದಲ್ಲಿ ಪ್ರೆಸ್ಸು ನಡೆಸಿ ತೋರಿಸಬೇಕು.”

“ಬಲ್ಲಾಳರು ಬೇಸರ ಮಾಡಿದ್ರೆ? ಸ್ವಲ್ಪ ತಾಳಿ. ಮಂತ್ರಿಗಳು ಬರ್ತಾರೆ.”

ಬಲ್ಲಾಳರಲ್ಲಿಗೂ ಹೋದೆ. ಸಿದ್ಧಕಟ್ಟೆಯ ಬಸ್ಸಿನಲ್ಲಿ, ಬ್ರೇಕು ಹಿಡಿಯುತ್ತದೋ ಇಲ್ಲವೋ ಎಂದು ಚಿಂತಿಸುತ್ತ, ಮಾತನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತ. ಅವರು ಚಾವಡಿಯಲ್ಲಿ ಕೂರಿಸಿ ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟರು. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, “ನನಗೆ ಯಂತ್ರದ್ದು ಗೊತ್ತಾಗುವುದಿಲ್ಲ. ಪ್ರಿನ್ಸಿಪಾಲರು ಹೇಗೆ ಹೇಳ್ತಾರೋ ಹಾಗೆ” ಎಂದರು. ಪ್ರಿನ್ಸಿಪಾಲರು ಬಲ್ಲಾಳರಿಗೆ ಹೆದರುತ್ತಿದ್ದರು. ಬಲ್ಲಾಳರು ಪ್ರಿನ್ಸಿಪಾಲರಿಗೆ ಬಿಟ್ಟುಬಿಟ್ಟರು. ಇಬ್ಬರು ಮರ್ಯಾದಸ್ಥರ ನಡುವೆ ಸಿಕ್ಕಿ ಹಾಳಾಗುವಷ್ಟು ಕೆಲಸ ಕಳ್ಳರ ಕೈಯಲ್ಲೂ ಹಾಳಾಗುವುದಿಲ್ಲ ಎಂದು ಅಂದೇ ನನಗೆ ಗೊತ್ತಾಯಿತು.

ಪರೀಕ್ಷೆ ಬಂತು. ಮೈಸೂರು ಕಡೆಯಿಂದ ಪರೀಕ್ಷಕರು ಬಂದರು. ಹಸಿರು ಬಟ್ಟೆ ನೋಡಿ, “ಏನ್ರೀ ಇದು, ಮದುವಣಗಿತ್ತಿ ತರ? ತೆಗೀರಿ” ಎಂದರು. ನೋಡಿ, ಪ್ರಿನ್ಸಿಪಾಲರೇ ಓಡಿಬಂದು ಸ್ವಹಸ್ತದಿಂದ ಬಟ್ಟೆ ತೆಗೆದರು! ಮೇಲಿನವರು ಹೇಳಿದ ಕೂಡಲೇ ಗೃಹಪ್ರವೇಶದ ನೆನಪು ಎಲ್ಲಿಗೆ ಹೋಯಿತೋ.

ಮೊದಲು ಕರೆದದ್ದು ಸಂಜೀವನನ್ನು. ಅವನು ಕೈಯನ್ನು ಪಂಚೆಗೆ ಒರೆಸಿಕೊಂಡು ಸನ್ನೆಕೋಲು ಹಿಡಿದು ಒತ್ತಿದ. ಕೋಲು ಬಾಡಿದ ಬಾಳೆದಿಂಡಿನಂತೆ ಸುಮ್ಮನೆ ಕೆಳಗಿಳಿಯಿತು. ಇನ್ನೊಮ್ಮೆ ಒತ್ತಿದ. ಕೊರಡು ಅಲುಗಲಿಲ್ಲ. ಕೊಳವೆಯ ಬುಡದಿಂದ ಎಣ್ಣೆ ಸೋರಿ ಅವನ ಪಾದದ ಮೇಲೆ ಹರಿಯಿತು.

“ಯಾಕಪ್ಪಾ ಏಳ್ತಿಲ್ಲ?” ಎಂದರು ಪರೀಕ್ಷಕರು.

“ಒಳಗೆ ಚರ್ಮದ ವಾಷರ್ ಉಂಟಲ್ಲ ಸಾರ್, ಅದು ಎಣ್ಣೆಯಲ್ಲಿ ನೆನೆದು ಓಡಾಡ್ತಾ ಇದ್ದರೇ ಸರಿ ಇರ್ತದೆ. ನಿಲ್ಲಿಸಿಯೇ ಇಟ್ಟದ್ದಕ್ಕೆ ಒಣಗಿ ಬಿರುಕು ಬಿಟ್ಟಿರಬೇಕು.”

“ಇಷ್ಟು ದಿನ ಯಾಕೆ ನಿಲ್ಲಿಸಿದ್ರಿ?”

“ಉದ್ಘಾಟನೆ ಆಗಲಿಲ್ಲ ಸಾರ್.”

ಪರೀಕ್ಷಕರು ಹೊಟ್ಟೆ ಹಿಡಿದು ನಕ್ಕರು. “ಉದ್ಘಾಟನೆಗೆ ಮುಂಚೆ ತಿಥಿನೇ ಆಗ್ಹೋಯ್ತಲ್ರೀ!” ನಕ್ಕು ಮುಗಿಸಿ, ಕನ್ನಡಕ ಒರೆಸಿ, ಯಂತ್ರ ನಡೆಸಿ ತೋರಿಸಿದ್ದಕ್ಕೆ ಕೊಡಬೇಕಾದ ಅಂಕದ ಜಾಗದಲ್ಲಿ ಸೊನ್ನೆ ಹಾಕಿದರು. ಸಂಜೀವನಿಗೆ ಮಾತ್ರವಲ್ಲ, ಎಲ್ಲರಿಗೂ. ಕಾರಣ ಸರಿಯಾಗಿ ಹೇಳಿದನಲ್ಲ ಎಂದು ನಾನು ಗೋಗರೆದೆ. “ಕಾರಣ ಹೇಳೋಕೆ ವೈದ್ಯರಿದಾರೆ. ನಡೆಸೋಕೆ ಬರಬೇಕು” ಎಂದರು. ಆ ವರ್ಷ ಆ ವಿಷಯದಲ್ಲಿ ನಮ್ಮ ಒಬ್ಬ ಹುಡುಗನೂ ತೇರ್ಗಡೆಯಾಗಲಿಲ್ಲ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ನುಂಗುವುದು ನನಗೆ ಅಭ್ಯಾಸ. ಆದರೆ ಪರೀಕ್ಷಕರ ಜಟಕಾ ಗೇಟು ದಾಟಿದ ಕೂಡಲೇ ಪ್ರಿನ್ಸಿಪಾಲರು ಸಂಜೀವನ ಕಡೆ ಬೆರಳು ತೋರಿಸಿ, “ನೋಡಿದಿರಾ ಮಾಷ್ಟ್ರೇ? ಇದಕ್ಕೇ ನಾನು ಮುಟ್ಟಬೇಡಿ ಅಂದದ್ದು. ಇವ ಮುಟ್ಟಿದ, ಕೆಟ್ಟಿತು!” ಎಂದರು.

ಮುಟ್ಟಿದ್ದಕ್ಕೆ ಕೆಟ್ಟಿತಂತೆ! ನನ್ನ ಜೀವಮಾನದಲ್ಲಿ ಮೊದಲ ಸಲ ಮೇಲಧಿಕಾರಿಯ ಎದುರು ಕೂಗಿದೆ. “ಇದು ಉತ್ಸವಮೂರ್ತಿಯಲ್ಲ ಸಾರ್! ಉತ್ಸವಮೂರ್ತಿಯನ್ನಾದರೂ ವರ್ಷಕ್ಕೊಮ್ಮೆ ಹೊರಗೆ ತಂದು ದೇವಸ್ಥಾನಕ್ಕೆ ಸುತ್ತು ಬರಿಸ್ತಾರೆ!” ಗಂಟಲು ಬಿರಿದು ಕೆಮ್ಮು ಬಂತು, ಉಳಿದ ಬೈಗುಳವೆಲ್ಲ ಕೆಮ್ಮಿನಲ್ಲೇ ಹೋಯಿತು. ಅವರು ನನಗೆ ನೀರು ತರಿಸಿಕೊಟ್ಟರು, ಯಂತ್ರಕ್ಕೆ ಪುನಃ ಬಟ್ಟೆ ಹೊದೆಸಿದರು.

ಬೆಳ್ತಂಗಡಿಯ ಗ್ಯಾರೇಜಿಗೆ ಬೇರೆ ಯಾರೋ ಬಂದರು. ಸಂಜೀವ ಸಂಸ್ಥೆ ಬಿಡುವ ಸರ್ಟಿಫಿಕೇಟು ಕೇಳಲು ಬಂದವನು ಜಗಲಿಯಲ್ಲಿ ನನಗೆ ಎದುರಾದ. ಮುಂದಿನ ಪರೀಕ್ಷೆಗೆ ಕಟ್ಟು ಮಾರಾಯ ಎಂದೆ. “ಧರ್ಮಸ್ಥಳದಲ್ಲಿ ಒಂದು ಹೋಟೆಲಿನಲ್ಲಿ ಸಪ್ಲಾಯರ್ ಕೆಲಸ ಸಿಕ್ಕಿದೆ ಸಾರ್, ಹೋಗ್ತೇನೆ. ಮನೆಯಲ್ಲಿ ಕಾಯ್ಲಿಕ್ಕೆ ಆಗುವುದಿಲ್ಲ” ಎಂದ. ಮೆಟ್ಟಿಲಿಳಿಯುತ್ತ ತಿರುಗಿ ನಕ್ಕ. “ಮೂರು ವರ್ಷದಲ್ಲಿ ಒಂದೇ ಒಂದು ಪ್ರೆಸ್ಸು ಒತ್ತಿದ್ದು ಸಾರ್ ನಾನು. ಅದೂ ಸತ್ತದ್ದು.” ಅವನು ಆಮೇಲೆ ಪರೀಕ್ಷೆ ಕಟ್ಟಿದನೋ ಇಲ್ಲವೋ ನನಗೆ ತಿಳಿಯದು.

ಈಗ ನಾನು ಬಂಟ್ವಾಳದ ಕಡೆಯ ಇನ್ನೊಂದು ಸಂಸ್ಥೆಯಲ್ಲಿದ್ದೇನೆ. ಮೊನ್ನೆ ಪೆಟ್ಟಿಗೆಯಲ್ಲಿ ಬಂದದ್ದು ಗಾಳಿ ತುಂಬುವ ಕಂಪ್ರೆಸರು, ಗಾಳಿಯ ಬಲದಿಂದ ಹೋಗಿಬರುವ ಒಂದು ಪಿಸ್ಟನ್ನೂ ಜೊತೆಗಿದೆ. ನಮ್ಮ ಈಗಿನ ಪ್ರಿನ್ಸಿಪಾಲರು ನನಗಿಂತ ಸಣ್ಣವರು, ಸೂಟು ಹಾಕುತ್ತಾರೆ, ವಿಲಾಯಿತಿಗೆ ಹೋಗಿ ಬಂದವರು. ಹೊಸ ಕಾಲ ಬಂತೆಂದು ನಾನು ನೆಮ್ಮದಿಯಾಗಿದ್ದೆ. ಅವರು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, “ಮಂತ್ರಿಗಳ ಡೇಟು ಕೇಳಿದ್ದೇನೆ. ಅಲ್ಲಿವರೆಗೆ ಯಾರೂ ಮುಟ್ಟುವುದು ಬೇಡ” ಎಂದು ಹೇಳಿ ಹೋದರು.

ಆ ರಾತ್ರಿಯೆಲ್ಲ ಪಿಂಚಣಿಯ ಬಗ್ಗೆ ಚಿಂತಿಸಿದೆ. ಬೆಳಿಗ್ಗೆ ಮೊದಲ ಪೀರಿಯಡ್ಡಿಗೆ ಹುಡುಗರನ್ನು ಕರೆದು ಬೋಲ್ಟು ಬಿಗಿಸಿದೆ, ಎಣ್ಣೆ ಹೊಯ್ಯಿಸಿದೆ, ಒತ್ತಡದ ಮುಳ್ಳನ್ನು ಮತ್ತೆ ಮತ್ತೆ ನೋಡಿ ಸ್ವಿಚ್ಚು ಒತ್ತಿಸಿದೆ. ಕಂಪ್ರೆಸರು ಗುಡುಗುಟ್ಟತೊಡಗಿತು. ಹುಡುಗರು ಸಾಲಾಗಿ ನಿಂತು ಒಬ್ಬೊಬ್ಬರೇ ಕವಾಟ ತಿರುಗಿಸಿದರು. ಬುಸ್ಸೆಂದು ಪಿಸ್ಟನ್ನು ಹೊರಗೆ ಬಂದಾಗಲೆಲ್ಲ ಹಿಂದಿನವರು ಹೋ ಎಂದರು. ಸದ್ದು ಕೇಳಿ ಪ್ರಿನ್ಸಿಪಾಲರು ಬಂದು ಬಾಗಿಲಲ್ಲಿ ನಿಂತರು.

“ಯಾರ ಅನುಮತಿಯಲ್ಲಿ ಇದು? ಸಂಜೆಯೊಳಗೆ ವಿವರಣೆ ಬರೆದುಕೊಡಿ.”

“ಕೊಡ್ತೇನೆ ಸಾರ್” ಎಂದೆ. ಕವಾಟದ ಹತ್ತಿರವಿದ್ದ ಹುಡುಗ ಹೆದರಿ ಕೈ ಹಿಂದೆಗೆದಿದ್ದ. ಸಾಲಿನಲ್ಲಿ ಇನ್ನೂ ಅರ್ಧ ತರಗತಿ ಉಳಿದಿತ್ತು.

“ಯಾಕೆ ನಿಂತೆ? ತಿರುಗಿಸು ಮಾರಾಯ” ಎಂದೆ. “ಹಿಂದೆ ಜನ ಉಂಟು.”