ಸೇಫ್ಟಿ ಅಲವಿಯ ಬಿಳಿ ಕಾರು

ಸೊಹಾರ್ ಬಂದರಿನ ಹತ್ತಿರದ ಗೋದಾಮೊಂದರಲ್ಲಿ ಅಲವಿ ಕುಟ್ಟಿ ಸೇಫ್ಟಿ ಆಫೀಸರ್. ಮಲಪ್ಪುರಂ ಕಡೆಯವರು. ಓಮಾನಿಗೆ ಬಂದ ಹೊಸದರಲ್ಲಿ ಮೂಟೆ ಎಣಿಸುತ್ತಿದ್ದರು. ಆಮೇಲೊಂದು ದಿನ ಹೇಗೋ ಹಳದಿ ಹೆಲ್ಮೆಟ್ಟು ತಲೆಗೇರಿತು. ಸಂಜೆ ಅದನ್ನು ಗೋದಾಮಿನ ಮೊಳೆಗೆ ನೇತುಹಾಕಿ ಮನೆಗೆ ಬಂದರೂ ಅದರ ತೂಕ ಮಾತ್ರ ತಲೆಯ ಮೇಲೇ ಉಳಿದಿರುತ್ತಿತ್ತು. ಯಾರ ಮನೆಗೆ ಊಟಕ್ಕೆ ಕರೆದರೂ ಅವರು ಮೊದಲು ಹೋಗುತ್ತಿದ್ದುದು ಅಡುಗೆಮನೆಗೆ. ಬಿರಿಯಾನಿ ನೋಡುವುದಕ್ಕಲ್ಲ, ಗ್ಯಾಸಿನ ಪೈಪು ನೋಡುವುದಕ್ಕೆ. ಮಲಯಾಳಿಗಳ ಸಂಘದಲ್ಲಿ ಅವರ ಹೆಸರು ಸೇಫ್ಟಿ ಅಲವಿ. ಎದುರಿಗೆ ಮಾತ್ರ, ಗೌರವದ 'ಇಕ್ಕ' ಸೇರಿಸಿ, ಅಲವಿಕ್ಕ.

ಹೊಸದಾಗಿ ವಿಮಾನ ಇಳಿದವರಿಗೆಲ್ಲ ಅವರದೊಂದು ಉಪದೇಶವಿತ್ತು. ಅದರಲ್ಲಿ ಎರಡು ಭಾಗ. "ನೋಡಪ್ಪಾ, ಇದು ಓಮಾನ್. ಇಲ್ಲಿ ಬೀದೀಲಿ ಚಿನ್ನ ಬಿಟ್ಟು ಹೋದ್ರೂ ಮಾರನೇ ದಿನ ಅಲ್ಲೇ ಇರುತ್ತೆ. ಬೇಸಿಗೇಲಿ ಅಂಗಡಿ ಮುಂದೆ ಕಾರು ಆಫ್ ಮಾಡ್ಬೇಡ, ಒಳಗೆ ಕಡಾಯಿ ಆಗುತ್ತೆ. ಎಸಿ ಹಾಕಿ, ಕಾರು ಚಾಲೂ ಇಟ್ಟೇ ಇಳಿ. ಯಾವನೂ ಮುಟ್ಟಲ್ಲ." ಇದು ಮೊದಲನೆಯದು. ಎರಡನೆಯದು ಹೆಂಗಸರ ಕುರಿತಾದದ್ದು: "ಮನೆ ಬಾಗಿಲಿಗೆ ಮಾತ್ರ ಮೂರು ಬೀಗ ಇರ್ಲಿ. ಯಾರು ತಟ್ಟಿದ್ರೂ ತೆಗೀಬಾರ್ದು. ಪರದೇಶ ಪರದೇಶಾನೇ."

ಬೀದಿಯಲ್ಲಿ ಚಿನ್ನ ಉಳಿಯುವ ಊರಿನಲ್ಲಿ ಮನೆಗೇಕೆ ಮೂರು ಬೀಗ ಎಂದು ಅವರನ್ನು ಕೇಳಿದವರು ಒಬ್ಬರೇ, ಅವರ ಹೆಂಡತಿ ಮೈಮೂನಾ.

ಆ ಗುರುವಾರ ಸಂಜೆ ಮೈಮೂನಾ ಕೇಳಿದ್ದು ಇನ್ನೊಂದು. ತಾನು ಡ್ರೈವಿಂಗ್ ಕಲಿಯಬೇಕು, ಎದುರು ಮನೆಯವಳೂ ಕಲಿಯುತ್ತಿದ್ದಾಳೆ ಎಂದು. ಅಲವಿ ಕುಟ್ಟಿ ಪೇಟೆಗೆ ಹೊರಡಲು ಷರಟಿನ ಗುಂಡಿ ಹಾಕಿಕೊಳ್ಳುತ್ತಲೇ ಬೇಡವೆಂದರು. ರಸ್ತೆ ಅಪಾಯ, ವೃತ್ತಗಳು ಅಪಾಯ, ಹೆಂಗಸರ ಗಮನ ಅತ್ತಿತ್ತ ಹೋಗುವುದು ಎಲ್ಲಕ್ಕಿಂತ ಅಪಾಯ. ಮೈಮೂನಾ ಕೆಳಗಿಳಿದು ಬಂದು ಕಾರಿನ ಮುಂದಿನ ಬಾಗಿಲು ಬಿಟ್ಟು ಹಿಂದಿನದನ್ನು ತೆಗೆದು, ಮೈತುಂಬ ಹೊದ್ದ ಕಪ್ಪು ಅಬಾಯಾ ಮುದುರಿಕೊಂಡು ಮೂಲೆಗೆ ಕೂತು, ಕಿಟಕಿಯ ಕಡೆ ತಿರುಗಿದಳು. ಮೌನ ಅವಳ ಕೈಲಿದ್ದ ಒಂದೇ ಆಯುಧ. ಅದನ್ನು ಅವಳು ಎರಡೂ ಕಡೆ ಹರಿತ ಮಾಡಿಟ್ಟುಕೊಂಡಿದ್ದಳು.

ದಾರಿಯಲ್ಲಿ ಕೋಯಾನ ಚಾಯದಂಗಡಿ. ಅಲ್ಲಿ ಯಾರೂ ಕಾರಿನಿಂದ ಇಳಿಯುವುದಿಲ್ಲ. ಹಾರನ್ ಒತ್ತಿದರೆ ಚಾಯ ಕಿಟಕಿಗೆ ಬರುತ್ತದೆ. ಅಲವಿ ಕುಟ್ಟಿಯೂ ಹಾರನ್ ಒತ್ತಿದರು. ಆಗಲೇ ಗಾಜಿನ ಬಾಗಿಲಿನಾಚೆ, ಒಲೆಗೆ ಆತುಕೊಂಡಂತೆ ನಿಂತಿದ್ದ ಸಿಲಿಂಡರು ಅವರ ಕಣ್ಣಿಗೆ ಬಿತ್ತು. ಅದನ್ನು ಕಂಡ ಮೇಲೆ ಅವರು ಕೂರುವುದುಂಟೆ? ಕಾರನ್ನು ಚಾಲೂ ಬಿಟ್ಟು, ಹೆಂಡತಿಗೆ "ಬಂದೆ" ಎಂದು, ಒಳಗೆ ನುಗ್ಗಿದರು.

"ಕೋಯಾ, ಇದೇನು ಚಾಯದಂಗಡಿಯೋ ಬಾಂಬಿನಂಗಡಿಯೋ?"

"ಬನ್ನಿ ಅಲವಿಕ್ಕ. ಸಿಲಿಂಡರಿಗೂ ನಿಮ್ಮನ್ನ ನೋಡಿದ್ರೆ ಭಯ, ಅದಕ್ಕೇ ಒಲೆ ತಬ್ಕೊಂಡಿದೆ," ಎಂದು ಕೋಯಾ ನಕ್ಕ.

ಅಲವಿ ಕುಟ್ಟಿ ನಗಲಿಲ್ಲ. ಸಿಲಿಂಡರು ಎಲ್ಲಿರಬೇಕು, ಪೈಪು ಎಷ್ಟು ಉದ್ದವಿರಬೇಕು, ಮನುಷ್ಯನ ಗಮನ ಒಂದೇ ಒಂದು ಕ್ಷಣ ತಪ್ಪಿದರೆ ಏನೇನಾಗಬಹುದು ಎಂಬುದನ್ನು ಪರೋಟ ತಿನ್ನುತ್ತಿದ್ದವರೆಲ್ಲ ಕೈ ನಿಲ್ಲಿಸಿ ಕೇಳುವಂತೆ ಹೇಳಿದರು. ಸಿಲಿಂಡರನ್ನು ಹೊರಗಿಡಿಸಿ, ಗೆದ್ದ ಮುಖ ಹೊತ್ತು ಹೊರಬಂದರು. ಸಂಜೆ ಬಿಸಿಲು ಕಣ್ಣು ಕುಕ್ಕಿತು. ಕಪ್ಪು ಗಾಜಿನ ಬಿಳಿ ಕಾರು ಗುರುಗುಡುತ್ತ ನಿಂತಿತ್ತು. ಹತ್ತಿದರು, ಹೊರಟರು.

ಸೀಟು ಯಾಕೋ ಸ್ವಲ್ಪ ಹಿಂದಕ್ಕಿತ್ತು. ಮೈಮೂನಾಳ ಕಿತಾಪತಿ, ಎಂದುಕೊಂಡರು. ಒಳಗೆಲ್ಲ ಲೋಬಾನದ ವಾಸನೆ. ಕೋಪ ಬಂದರೆ ಅತ್ತರು ಮೆತ್ತಿಕೊಳ್ಳುವುದು ಹೊಸ ಚಟವಿರಬೇಕು, ಎಂದುಕೊಂಡರು. ಕನ್ನಡಿಗೆ ತಸ್ಬೀಹ್ ಮಣಿಸರ ತೂಗುತ್ತಿತ್ತು. ಅದು ಎಲ್ಲರ ಕಾರಿನಲ್ಲೂ ತೂಗುತ್ತದೆ. ಹಿಂದಿನ ಮೂಲೆಯಲ್ಲಿ ಕಪ್ಪು ಅಬಾಯಾ ಮುದುರಿ ಕೂತಿತ್ತು, ಮುಖ ಕಿಟಕಿಯ ಕಡೆಗೆ. ಇನ್ನೂ ಮುನಿಸು ಇಳಿದಿಲ್ಲ.

"ಈಗ ನೋಡಿದ್ಯಲ್ಲ? ನಾನು ಇಳಿದಿರದಿದ್ರೆ ಆ ಅಂಗಡಿ ಹಾರಿಹೋಗ್ತಿತ್ತು," ಎಂದು ಶುರು ಮಾಡಿದರು. "ಡ್ರೈವಿಂಗ್ ಅಂದ್ರೆ ಹುಡುಗಾಟ ಅಲ್ಲ ಮೈಮೂನಾ. ಸುತ್ತ ಏನಿದೆ ಅಂತ ಕಣ್ಣಿಟ್ಟು ನೋಡ್ಬೇಕು. ಯಾವುದು ನಮ್ಮದು, ಯಾವುದು ಪರರದು ಅಂತ ಎಚ್ಚರ ಇರ್ಬೇಕು. ನಿನಗೆ ಆ ಎಚ್ಚರ ಎಲ್ಲಿದೆ? ಹೋದ ತಿಂಗಳು ನನ್ನ ಚಪ್ಪಲಿ ಬಿಟ್ಟು ಬೇರೆಯವರದ್ದು ತಂದಿಟ್ಟೆ."

ಹಿಂದಿನಿಂದ ಸದ್ದಿಲ್ಲ. ಸದ್ದಿಲ್ಲದಿದ್ದರೆ ಅಲವಿ ಕುಟ್ಟಿಗೆ ಇನ್ನಷ್ಟು ಹುರುಪು. ಮೀನಿನ ಮಾರುಕಟ್ಟೆ ದಾಟಿತು, ಪೆಟ್ರೋಲ್ ಬಂಕ್ ದಾಟಿತು. ಎದುರು ಮನೆಯವಳು ಕಲಿತರೆ ಕಲಿಯಲಿ, ಅವಳ ಗಂಡ ಸೇಫ್ಟಿಯವನಲ್ಲ ಎಂಬಲ್ಲಿಗೆ ಮಾತು ಬಂದಾಗ ಹಿಂದಿನಿಂದ ದೊಡ್ಡದೊಂದು ಆಕಳಿಕೆ ಕೇಳಿಸಿತು. ಅದರ ಬೆನ್ನಿಗೇ, ಒಣಗಿದ ಖರ್ಜೂರದ ಗರಿಯಂಥ ಧ್ವನಿಯಲ್ಲಿ, ಅಚ್ಚ ಅರಬ್ಬಿಯಲ್ಲಿ ಒಂದು ಪ್ರಶ್ನೆ:

"ಮುಗೀತೇನೋ ನಿನ್ನ ಪುರಾಣ?"

ಅಲವಿ ಕುಟ್ಟಿ ಕನ್ನಡಿ ನೋಡಿದರು. ಅಲ್ಲಿ ಮೈಮೂನಾ ಇರಲಿಲ್ಲ. ಹಕ್ಕಿಯ ಕೊಕ್ಕಿನಂತೆ ಮೂಗಿನ ಮೇಲೆ ನಿಂತ, ಮಿರುಗುವ ಮುಖಗವಸಿನ ಸಂದಿನಿಂದ, ಎಂಬತ್ತು ಬೇಸಿಗೆ ಕಂಡ ಎರಡು ಕಣ್ಣು ಅವರನ್ನೇ ನೋಡುತ್ತಿದ್ದವು.

ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಿತ್ತು. ಕಾರು ನಿಂತದ್ದು ವೃತ್ತದ ನಟ್ಟನಡುವೆ, ಅಪಾಯವೆಂದು ಅವರು ಆಗಷ್ಟೇ ಹೆಂಡತಿಗೆ ವಿವರಿಸಿದ್ದ ಜಾಗದಲ್ಲಿ. ಹಿಂದಿನ ಕಾರುಗಳೆಲ್ಲ ಕಿರುಚಿಕೊಂಡವು. ಅವರಿಗೆ ಅದು ಯಾವುದೋ ದೂರದೂರಿನ ಮದುವೆಯ ಗದ್ದಲದಂತೆ ಕೇಳಿಸಿತು. ಸ್ಟೇರಿಂಗ್ ನೋಡಿದರು: ಇದು ತಮ್ಮದಲ್ಲ. ಪಕ್ಕದ ಸೀಟು ನೋಡಿದರು: ಖರ್ಜೂರದ ಬುಟ್ಟಿ, ಕಾಫಿಯ ಫ್ಲಾಸ್ಕು. ತಮ್ಮ ಫೋನಿಗೆ ಕೈಹಾಕಿದರು. ಅದು ತಮ್ಮ ಕಾರಿನಲ್ಲಿ ಚಾರ್ಜಿಗಿತ್ತು. ತಮ್ಮ ಕಾರು ಕೋಯಾನ ಅಂಗಡಿಯ ಮುಂದೆ. ಅದರೊಳಗೆ ಮೈಮೂನಾ.

ಕಾಲು ಶತಮಾನದಲ್ಲಿ ಆ ಬೀದಿಯಿಂದ ಯಾರೂ ಕಾರು ಕದ್ದಿರಲಿಲ್ಲ. ಇವತ್ತು ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬರೀ ಕಾರಾಗಿದ್ದರೂ ಹೇಗೋ ಹೇಳಿಕೊಳ್ಳಬಹುದಿತ್ತು. ಇದರೊಳಗೆ ಈ ನೆಲದವರ ತಾಯಿ ಇದ್ದಾಳೆ! ಜೈಲು, ವಿಮಾನ, ಇನ್ನೆಂದೂ ಬರಬೇಡವೆಂಬ ಮುದ್ರೆ ಎಲ್ಲವೂ ಕಣ್ಣ ಮುಂದೆ ಸಾಲಾಗಿ ನಿಂತವು. ಅವೆಲ್ಲದರ ಹಿಂದೆ ಸಂಘದ ಕಾರ್ಯದರ್ಶಿಯ ನಗುಮುಖವೂ ಕಂಡಿತು. ನಿಜ ಹೇಳಬೇಕೆಂದರೆ ಜೈಲಿಗಿಂತ ಅದೇ ಹೆಚ್ಚು ಚುಚ್ಚಿತು.

"ಉಮ್ಮಾ..." ಎಂದರು. ಮುಂದಿನ ಮಾತಿಗೆ ಅರಬ್ಬಿ ಸಿಗಲಿಲ್ಲ. ಅವರಿಗೆ ಬರುತ್ತಿದ್ದುದು ಗೋದಾಮಿನ ಅರಬ್ಬಿ: ಎತ್ತು, ಇಳಿಸು, ಬೀಡಿ ಸೇದಬೇಡ. ನಿಮ್ಮನ್ನು ಗೊತ್ತಿಲ್ಲದೆ ಅಪಹರಿಸಿದ್ದೇನೆ ಎನ್ನಲು ಆ ಮೂರು ಮಾತು ಸಾಲದು.

"ಯಾಕೋ ನಿಲ್ಲಿಸ್ದೆ ರಫೀಕ್? ನಡಿ, ನಡಿ," ಎಂದಳು ಮುದುಕಿ, ಕೋಲಿನಿಂದ ಸೀಟಿನ ಬೆನ್ನಿಗೆ ಕುಟ್ಟುತ್ತ. ದುಡಿಯಲು ಬಂದ ಪರದೇಶಿಗಳೆಲ್ಲ ಇಲ್ಲಿಯವರ ಬಾಯಲ್ಲಿ ರಫೀಕ್. "ಸಹಮ್‌ಗೆ ನನ್ನ ತಂಗಿ ಮನೆಗೆ. ಅವಳು ಆಸ್ಪತ್ರೆಯಿಂದ ಬಂದಿದ್ದಾಳೆ. ನನ್ನ ಮಗ ಖಲ್ಫಾನ್ ಹೆಜ್ಜೆಗೊಂದು ಅಂಗಡೀಲಿ ಇಳೀತಾನೆ. ನೀನಾದ್ರೂ ನಿಲ್ಲಿಸದೆ ಓಡಿಸ್ತೀಯ ಅಂತ ಖುಷಿಯಾಗಿದ್ದೆ!"

ಅಷ್ಟರಲ್ಲಿ ಪೊಲೀಸ್ ಕಾರೊಂದು ಬಂದು ಅಡ್ಡ ನಿಂತಿತು. ಇಳಿದ ತರುಣ ಪೊಲೀಸ್ ಕಿಟಕಿಗೆ ಬಗ್ಗಿದ. ಅಲವಿ ಕುಟ್ಟಿ ಗಾಜು ಇಳಿಸಿದರು. ಬಾಯಿ ತೆರೆಯಿತು, ಮಾತು ಬರಲಿಲ್ಲ.

"ಏನಾಯ್ತು? ಮೈಗೆ ಹುಷಾರಿಲ್ವಾ?"

ಉತ್ತರ ಹಿಂದಿನಿಂದ ಬಂತು. "ಮೈಗಲ್ಲ ಮಗನೇ, ಇವನಿಗೆ ತಲೆ ಹುಷಾರಿಲ್ಲ. ನನ್ನ ಡ್ರೈವರು. ಹೊಸಬ. ಕೂತಾಗಿನಿಂದ ಒಬ್ಬನೇ ಮಾತಾಡ್ಕೊಂಡಿದ್ದ, ಈಗ ಮಾತೇ ಇಲ್ಲ."

ಡ್ರೈವರು! ಆ ಸ್ಥಿತಿಯಲ್ಲೂ ಅಲವಿ ಕುಟ್ಟಿಯ ಒಳಗೆ ಏನೋ ಒಂದು ಸೇಫ್ಟಿ ಆಫೀಸರ್ ಎಂದು ತಿದ್ದಲು ಹೊರಟಿತ್ತು. ದೇವರು ದೊಡ್ಡವನು, ನಾಲಿಗೆ ಅಂಗುಳಕ್ಕೆ ಅಂಟಿತ್ತು.

ಪೊಲೀಸ್ ನಕ್ಕು ಇನ್ನೇನು ಹೋಗಿ ಎನ್ನಬೇಕು, ಅಷ್ಟರಲ್ಲಿ ಇನ್ನೊಂದು ಬಿಳಿ ಕಾರು ಧೂಳೆಬ್ಬಿಸಿಕೊಂಡು ಬಂದು ಪಕ್ಕದಲ್ಲಿ ನಿಂತಿತು. ಅದು ಅಲವಿ ಕುಟ್ಟಿಯ ಕಾರು. ಓಡಿಸುತ್ತಿದ್ದವನು ಬಿಳಿ ದಿಶ್‌ದಾಶಾ ನಿಲುವಂಗಿ ತೊಟ್ಟ ಗಡ್ಡದ ಓಮಾನಿ. ಅವನ ಪಕ್ಕದಲ್ಲಿ, ಮುಂದಿನ ಸೀಟಿನಲ್ಲಿ, ಕೈ ಚಾಚಿ ದಾರಿ ತೋರಿಸುತ್ತ ಕೂತಿದ್ದವಳು ಮೈಮೂನಾ.

ಅಲವಿ ಕುಟ್ಟಿಗೆ ಅಷ್ಟು ಹೊತ್ತು ಸಿಗದಿದ್ದ ಮಾತು ಆಗ ಸಿಕ್ಕಿತು. ಕಾರಿನಿಂದ ಹಾರಿ ಇಳಿದು, ಪೊಲೀಸನ ತೋಳು ಹಿಡಿದು, ಕೂಗಿಯೇ ಬಿಟ್ಟರು: "ಕಳ್ಳ! ಕಳ್ಳ! ನನ್ನ ಕಾರು! ನನ್ನ ಹೆಂಡ್ತಿ!"

ಗಡ್ಡದವನು ಇಳಿದು ಬಾಗಿಲು ರಪ್ಪನೆ ಹಾಕಿದ. "ಯಾರೋ ಕಳ್ಳ? ನನ್ನ ಕಾರು ನೀನು ತಂದು, ನನ್ನ ಅಮ್ಮನ್ನ ಎತ್ಕೊಂಡು ಬಂದು, ನನ್ನನ್ನೇ ಕಳ್ಳ ಅಂತೀಯಾ?"

ಪೊಲೀಸ್ ಒಮ್ಮೆ ಆ ಕಾರು, ಒಮ್ಮೆ ಈ ಕಾರು ನೋಡಿದ. ಅವನ ಮುಖದಿಂದ ನಗು ಹೋಯಿತು. ಡ್ರೈವರ್ ಎಂದು ನಂಬಿದ್ದವನ ತೋಳನ್ನು ಈಗ ಅವನೇ ಹಿಡಿದ. "ಈ ಮುದುಕಿಯನ್ನ ಯಾಕೆ ಕರ್ಕೊಂಡು ಹೋಗ್ತಿದ್ದೆ? ಹೇಳು."

ಹೇಳುವುದೇನು? ಆಗ ಮೈಮೂನಾ ಮುಂದೆ ಬಂದು ಮಾತಾಡಿದಳು. ಅರಬ್ಬಿಯಲ್ಲಿ. ಗೋದಾಮಿನ ಅರಬ್ಬಿಯಲ್ಲ, ನೀರು ಹರಿದಂತೆ, ಅಲ್ಲಲ್ಲಿ ಕೈ ತಿರುಗಿಸುತ್ತ, ಸೊಹಾರಿನ ಹೆಂಗಸರು ಅಂಗಳದಲ್ಲಿ ಕೂತು ಆಡುವ ಅರಬ್ಬಿ. ಮುನಿಸಿಕೊಂಡು ಹಿಂದೆ ಕೂತದ್ದು, ಗಂಡ ಸಿಲಿಂಡರಿಗೆ ಬುದ್ಧಿ ಹೇಳಲು ಇಳಿದದ್ದು, ಪಕ್ಕದ ಔಷಧಿ ಅಂಗಡಿಯ ಮುಂದೆ ಇಂಥದೇ ಕಾರು ಚಾಲೂ ನಿಂತಿದ್ದದ್ದು, ತಾನು ಗಾಜು ಬಡಿದು ಕೂಗುವಷ್ಟರಲ್ಲಿ ಮಹಾರಾಯರು ಅದನ್ನೇರಿ ಹೋದದ್ದು, ಅಮ್ಮನ ಮಾತ್ರೆ ಹಿಡಿದು ಓಡಿಬಂದ ಖಲ್ಫಾನ್‌ನನ್ನು ತಾನೇ ಕರೆದು ಕಾರಿನ ಬೆನ್ನು ಹತ್ತಿಸಿದ್ದು, ಒಂದನ್ನೂ ಬಿಡಲಿಲ್ಲ.

ಮುದುಕಿಯ ಮುಖಗವಸು ಕಂಡಾಗಲೂ ಅಲವಿ ಕುಟ್ಟಿ ಇಷ್ಟು ಬೆಚ್ಚಿರಲಿಲ್ಲ. ಮೂರು ಬೀಗದ ಹಿಂದೆ ಕೂತವಳಿಗೆ ಈ ಭಾಷೆ ಎಲ್ಲಿಂದ ಬಂತು?

"ನೀನು... ಅರಬ್ಬಿ..." ಎಂದರು.

"ಎದುರು ಮನೆಯವಳು ಇಲ್ಲಿಯವಳೇ ಅಲ್ವಾ ಇಕ್ಕ? ನೀವು ಆ ಕಡೆ ಹೋದ್ರೆ ಅವಳು ಈ ಕಡೆ ಬರ್ತಾಳೆ. ಎಷ್ಟೋ ವರ್ಷದಿಂದ. ಬೀಗ ನೀವು ಬರೋಷ್ಟರಲ್ಲಿ ಹಾಕಿರ್ತೀನಿ."

ಖಲ್ಫಾನ್‌ನ ಸಿಟ್ಟು ಇಳಿದಿರಲಿಲ್ಲ. "ಅಮ್ಮನಿಗೆ ಏನಾದ್ರೂ ಆಗಿದ್ದಿದ್ರೆ? ದೂರು ಕೊಡ್ತೀನಿ ನಾನು," ಎಂದ. ಪೊಲೀಸ್ ತಲೆಯಾಡಿಸಿ ಅಲವಿ ಕುಟ್ಟಿಯ ಗುರುತಿನ ಚೀಟಿ ಕೇಳಿ ಇಸಕೊಂಡ. ಆ ಚೀಟಿ ಕೈಬಿಟ್ಟು ಹೋದದ್ದನ್ನು ಅವರು ಕೂತ ಕೊಂಬೆಯೇ ಮುರಿದಂತೆ ನೋಡುತ್ತ ನಿಂತರು.

ಕಾರಿನ ಬಾಗಿಲು ತೆರೆಯಿತು. ಮೊದಲು ಕೋಲು, ಆಮೇಲೆ ಮುದುಕಿ ಶಮ್ಸಾ ಇಳಿದಳು. ಕೋಲನ್ನು ಮಗನ ಎದೆಗೆ ಇಟ್ಟಳು.

"ಯಾರ ಮೇಲೋ ದೂರು? ಮುದುಕೀನ ಕಾರಲ್ಲಿ ಬಿಟ್ಟು ಹೋದವನು ಯಾರು? ಮೊದಲು ನಿನ್ನ ಮೇಲೆ ಕೊಡ್ತೀನಿ. ಇವನು ಹತ್ತಿದಾಗಲೇ ನಂಗೆ ಗೊತ್ತಾಯ್ತು, ನಮ್ಮವನಲ್ಲ ಅಂತ."

"ಗೊತ್ತಿತ್ತಾ? ಮತ್ತೆ ಯಾಕಮ್ಮ ಕೂಗ್ಲಿಲ್ಲ?"

"ಕೂಗೋಕೆ ಸಂದು ಕೊಟ್ನಾ ಇವನು? ಭಾಷೆ ಒಂದಕ್ಷರ ತಿಳೀಲಿಲ್ಲ. ಆದ್ರೆ ನಿಮ್ಮಪ್ಪನ ರಾಗ ಅದು. ಹೆಂಡ್ತಿಗೆ ಬಯ್ಯೋ ರಾಗ ಎಲ್ಲಾ ಭಾಷೇಲೂ ಒಂದೇ. ಇವನು ಕಳ್ಳ ಅಲ್ಲ, ಗಂಡ." ಮೈಮೂನಾಳ ಕಡೆ ತಿರುಗಿದಳು. "ಹೌದೇನೇ? ನಿನಗೇ ಅಲ್ವಾ ಬಯ್ದಿದ್ದು?"

"ನನಗೇ ಉಮ್ಮಾ. ಆದ್ರೆ ಇವತ್ತು ಕೇಳೋ ಕಷ್ಟ ನಿಮಗೆ ಬಂತು."

"ಏನಂತೆ ಅವನ ದೂರು?"

ಮೈಮೂನಾ ಹೇಳಿದಳು: "ಡ್ರೈವಿಂಗ್ ಕಲೀತೀನಿ ಅಂದೆ. ನಂಗೆ ಗಮನ ಸಾಲದಂತೆ."

ಮೊದಲು ಪೊಲೀಸನ ತುಟಿ ಅದುರಿತು. ಆಮೇಲೆ ಖಲ್ಫಾನ್ ಗಡ್ಡ ಹಿಡಿದುಕೊಂಡು ಆ ಕಡೆ ತಿರುಗಿದ. ಅವನ ಬೆನ್ನು ಕುಲುಕುತ್ತಿತ್ತು. ದೂರಿನ ಮಾತು ಅಲ್ಲಿಗೇ ಮುಗಿಯಿತು. ಕಾರು ಚಾಲೂ ಬಿಟ್ಟು ಇಳಿದದ್ದಕ್ಕೆ ಪೊಲೀಸ್ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, ಶಾಲೆಯ ಮಕ್ಕಳಿಗೆ ಹೇಳುವಂತೆ, ಸುರಕ್ಷತೆಯ ಬಗ್ಗೆ ನಾಲ್ಕು ಮಾತು ಹೇಳಿದ. ಅಲವಿ ಕುಟ್ಟಿ ಕೈಕಟ್ಟಿ ಕೇಳಿದರು. ಬೇರೆಯವರ ಬಾಯಿಂದ ಅದು ಎಷ್ಟು ಉದ್ದ ಅನ್ನಿಸುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಚೀಟಿ ಕೈಗೆ ಬಂದಾಗ ಎರಡು ಸಲ ತಿರುಗಿಸಿ ನೋಡಿದರು, ತಮ್ಮದೇ ಹೌದೋ ಅಲ್ಲವೋ ಎಂದು.

ಶಮ್ಸಾ ಹೋಗುವ ಮುಂಚೆ ಮೈಮೂನಾಳ ಕೈಗೆ ಒಂದು ಮುಷ್ಟಿ ಖರ್ಜೂರ ತುಂಬಿದಳು. "ಲೈಸೆನ್ಸ್ ಬಂದ ಮೇಲೆ ಬಾ. ಸಹಮ್‌ಗೆ ನೀನೇ ಕರ್ಕೊಂಡು ಹೋಗು. ಈ ಗಂಡಸರು ದಾರೀಲಿ ನಿಲ್ಲಿಸ್ತಾರೆ."

ತಮ್ಮ ಕಾರಿನ ಹತ್ತಿರ ಬಂದ ಅಲವಿ ಕುಟ್ಟಿ ಮೊದಲು ನಂಬರು ಓದಿದರು. ಆಮೇಲೆ ಸೀಟು, ಆಮೇಲೆ ಚಾರ್ಜಿಗಿದ್ದ ಫೋನು ನೋಡಿದರು. ಸ್ಟೇರಿಂಗ್ ಹಿಡಿದ ಮೇಲೂ ಗೇರು ಹಾಕದೆ ಕೂತರು. ಪಕ್ಕದಲ್ಲಿ ಬಾಗಿಲು ಹಾಕಿಕೊಂಡ ಸದ್ದಾಯಿತು. ಕಪ್ಪು ಅಬಾಯಾ.

"ಮೈಮೂನಾ?"

ಉತ್ತರವಿಲ್ಲ.

ಅಲವಿ ಕುಟ್ಟಿ ಮೆಲ್ಲಗೆ, ಪೂರ್ತಿ ತಿರುಗಿ, ಮುಖ ನೋಡಿದರು. ಮೈಮೂನಾ ಬಾಯಲ್ಲಿ ಖರ್ಜೂರ ಇಟ್ಟುಕೊಂಡಿದ್ದಳು, ಅದಕ್ಕೇ ಮಾತಾಡಿರಲಿಲ್ಲ. ಬೀಜ ತೆಗೆದು ಅವರ ಅಂಗೈಗೆ ಇಟ್ಟಳು.

"ಆ ಡ್ರೈವಿಂಗ್ ಸ್ಕೂಲು..." ಎಂದರು ಅಲವಿ ಕುಟ್ಟಿ, ಬೀಜವನ್ನೇ ನೋಡುತ್ತ. "ಯಾವಾಗಿನಿಂದ ಅಂದಿದ್ದೆ?"

"ಅಂದಿರ್ಲಿಲ್ಲ. ನೀವು ಕೇಳಿರ್ಲಿಲ್ಲ."

"ಈಗ ಕೇಳ್ತಿದ್ದೀನಿ."

"ಭಾನುವಾರದಿಂದ," ಎಂದಳು ಮೈಮೂನಾ. "ದುಡ್ಡು ಕಟ್ಟಿ ಆಗಿದೆ. ಈಗ ಕಾರು ತೆಗೀರಿ ಇಕ್ಕ, ವೃತ್ತದಲ್ಲಿ ನಿಲ್ಲಿಸೋದು ಅಪಾಯ."